ಉಪಕರಕ್ಕೊಂದು ಇಳಿ

ಭದ್ರಾವತಿಯ ಜನ್ನಾಪುರದಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಬರುವ ಕಸದ ಗಾಡಿಯೊಳಗೆ ಕಳೆದ ಬೇಸಿಗೆಯಲ್ಲಿ ನನ್ನ ದನಿ ಇತ್ತು. ಗಾಡಿಯ ತಲೆಯ ಮೇಲೆ ಕಟ್ಟಿದ ಮೈಕಿನಲ್ಲಿ ಹಸಿ ಕಸ, ಒಣ ಕಸದ ಹಾಡು ಮುಗಿದ ಕೂಡಲೇ ನಾನು ಶುರುವಾಗುತ್ತಿದ್ದೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಹೆಮ್ಮೆಯಿತ್ತು, ಹನ್ನೊಂದು ದಿನ ಇತ್ತು. ಹನ್ನೆರಡನೆಯ ದಿನ ಅಕ್ಕ ಅದನ್ನು ಕೈಯಾರೆ ಕಸಕ್ಕೆ ಹಾಕಿದಳು.

ನನ್ನ ಕಸುಬು ಬೇರೆಯವರ ದನಿಯಲ್ಲಿ ಮಾತಾಡುವುದು. ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಗೆಳೆಯನೊಬ್ಬನ ರೆಕಾರ್ಡಿಂಗ್ ಅಂಗಡಿಯಿದೆ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿರುವುದರಿಂದ ಅದಕ್ಕೆ ಸ್ಟುಡಿಯೋ ಎಂದು ಹೆಸರು. ಸೀರೆ ಸೇಲು, ಹಲ್ಲಿನ ಡಾಕ್ಟರು, ಹರಾಜಿಗೆ ಬಂದ ಫರ್ನಿಚರು, ಎಲ್ಲಕ್ಕೂ ನಾನೇ. ಮದುವೆ ಮನೆಗಳಲ್ಲಿ ಮೈಕು ಕೊಟ್ಟರೆ ವರನ ಸೋದರಮಾವ ಮಾತಾಡಿದ ಹಾಗೆ ಮಾತಾಡುತ್ತೇನೆ. ಆಮೇಲೆ ಆ ಸೋದರಮಾವ ಊಟದ ಎಲೆ ಬಿಟ್ಟೆದ್ದು ನನ್ನನ್ನು ಹುಡುಕುತ್ತಾರೆ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅನೌನ್ಸ್‌ಮೆಂಟ್ ಮೇಡಂ ದನಿಯನ್ನೂ ಕಲಿತೆ. ಇವತ್ತಿನವರೆಗೆ ವಿಮಾನ ಹತ್ತಿಲ್ಲ, ಆದರೆ ಕಲ್ಯಾಣ ಮಂಟಪಗಳ ಊಟದ ಹಾಲಿನಲ್ಲಿ ಎಷ್ಟು ವಿಮಾನ ಇಳಿಸಿದ್ದೇನೋ ಲೆಕ್ಕವಿಲ್ಲ. ಒಟ್ಟಿನಲ್ಲಿ ನನಗೆ ಎಲ್ಲರ ದನಿಯೂ ಬರುತ್ತದೆ. ನನ್ನದೇ ದನಿ ಹೇಗಿದೆ ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಆ ಮಾರ್ಚಿನಲ್ಲಿ ಊರಿನ ಕಂದಾಯ ಕಚೇರಿಯಿಂದ ಒಂದು ಹಾಳೆ ಬಂತು. ಕಸದ ಗಾಡಿಗೆ ಹಾಕಲು ಪ್ರಕಟಣೆ, ಎರಡು ನಿಮಿಷ ಮೀರಬಾರದು. ಹಾಳೆಯಲ್ಲಿ ಹೀಗಿತ್ತು: ಮನೆಗಂದಾಯದೊಂದಿಗೆ ಶಿಕ್ಷಣ ಉಪಕರ ವಿಧಿಸಲು ಉದ್ದೇಶಿಸಲಾಗಿದೆ, ನೂರು ರೂಪಾಯಿಗೆ ನಾಲ್ಕು ರೂಪಾಯಿ, ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ನಾನು ಅದನ್ನು ಎರಡು ಸಲ ಓದಿದೆ. ‘ಉಪಕರ’ ಎಂಬುದು ಅರ್ಧಕ್ಕೆ ನಿಂತ ಬಿಕ್ಕಳಿಕೆಯ ಹಾಗೆ ಕೇಳಿಸಿತು. ಹುಟ್ಟಿದಂದಿನಿಂದ ಆ ಶಬ್ದವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ನಮ್ಮ ಕಡೆ ಉಪಕಾರ ಮಾಡುತ್ತಾರೆ, ಉಪಕಾರ ಮರೆಯುತ್ತಾರೆ, ಉಪಕಾರ ಮಾಡಿದ್ದನ್ನು ಹತ್ತು ವರ್ಷ ಎತ್ತಿ ಆಡುತ್ತಾರೆ. ಉಪಕರ ಎಂದು ಯಾರಾದರೂ ಹೇಳುತ್ತಾರೆಯೇ? ಟೈಪು ಮಾಡಿದವರು ಅವಸರದಲ್ಲಿ ಒಂದು ಇಳಿ ನುಂಗಿದ್ದಾರೆ ಎಂದುಕೊಂಡೆ.

ಇಳಿ ಎಂದರೆ ಅಕ್ಷರದ ಪಕ್ಕ ಕೆಳಗಿಳಿಯುವ ಆ ಗೆರೆ. ಕಕ್ಕೆ ತಲೆಕಟ್ಟು ಕ, ಕಕ್ಕೆ ಇಳಿ ಕಾ ಎಂದು ಕೈಕಟ್ಟಿ ನಿಂತು ಒದರಿದವರಿಗೆಲ್ಲ ಗೊತ್ತು. ಕಚೇರಿಯ ಮಾನ ಉಳಿಸುವ ಸಲುವಾಗಿ ನಾನು ನನ್ನ ಕಡೆಯಿಂದಲೇ ಒಂದು ಇಳಿ ಸೇರಿಸಿದೆ. ಸೇರಿಸಿದ ಮೇಲೆ ಇನ್ನೊಂದು ತೊಡಕು ಬಂತು. ಉಪಕಾರವನ್ನು ಯಾರೂ ‘ವಿಧಿಸು’ವುದಿಲ್ಲವಲ್ಲ, ಮಾಡುತ್ತಾರೆ. ಅದನ್ನೂ ತಿದ್ದಿದೆ. ಕೊನೆಯ ಆಕ್ಷೇಪಣೆಯ ಸಾಲು ರುಚಿಗೆಡಿಸುತ್ತಿತ್ತು. ಟೀವಿಯಲ್ಲಿ ಷೇರಿನ ಜಾಹೀರಾತಿನ ಕೊನೆಗೆ ಗೊಣಗುತ್ತಾರಲ್ಲ, ಆ ವೇಗದಲ್ಲಿ ಓಡಿಸಿದೆ. ಉಳಿದದ್ದನ್ನು ಮಾತ್ರ ಕೇಳುವವರ ಎದೆ ತುಂಬಿ ಬರುವ ಹಾಗೆ ಹೇಳಿದೆ: “ಬಂಧುಗಳೇ... ನಿಮ್ಮ ಮನೆಗಂದಾಯದ ಜೊತೆಯಲ್ಲಿ... ಶಿಕ್ಷಣ ಉಪಕಾ...ರ ಮಾಡಲು ಉದ್ದೇಶಿಸಲಾಗಿದೆ!” ಪೆನ್‌ಡ್ರೈವನ್ನು ಯಾರಿಗೂ ಕೇಳಿಸದೆ ನೇರವಾಗಿ ಗಾಡಿಯ ಡ್ರೈವರಿಗೆ ಕೊಟ್ಟು ಬಂದೆ.

ಇದರಲ್ಲಿ ನಗು ಬರಿಸದ ವಿಷಯ ಒಂದೇ. ಈ ತೆರಿಗೆಯ ಮೇಲೆ ನಮ್ಮ ಅಕ್ಕನ ಕೆಲಸ ನಿಂತಿತ್ತು.

ಅಕ್ಕ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಸರ್ಕಾರಿ ಶಾಲೆಯಲ್ಲಿ ಎಂಟು ವರ್ಷದಿಂದ ಅತಿಥಿ ಶಿಕ್ಷಕಿ. ಎಂಟು ವರ್ಷ ಇದ್ದರೂ ಅತಿಥಿ ಎನ್ನಿಸಿಕೊಳ್ಳುವವರು ನಮ್ಮ ದೇಶದಲ್ಲಿ ಅಳಿಯಂದಿರು ಮತ್ತು ಇವರು, ಅಷ್ಟೇ. ಅಳಿಯಂದಿರಿಗೆ ಕಾಫಿಯಾದರೂ ಸಿಗುತ್ತದೆ. ಅವಳ ನಾಲ್ಕನೇ ಕ್ಲಾಸಿನಲ್ಲಿ ಮನೆಯಲ್ಲಿ ತಮಿಳು ಮಾತಾಡುವವರು, ತೆಲುಗು ಮಾತಾಡುವವರು, ಉರ್ದು ಮಾತಾಡುವವರು ಎಲ್ಲ ಇದ್ದರು. ಅವರೆಲ್ಲರ ಕೈಗೆ ಕನ್ನಡದ ಅಕ್ಷರ ಹತ್ತಿಸುವುದು ಅವಳ ಕೆಲಸ. ಆ ವರ್ಷ ಹೆಡ್ ಮೇಡಂ ಕರೆದು, ಜೂನಿನಿಂದ ಅವಳ ಜಾಗ ಇರುವುದಿಲ್ಲ ಎಂದಿದ್ದರು. ಇದ್ದ ದಾರಿ ಒಂದೇ. ಊರಿನ ಮನೆಗಂದಾಯದ ಮೇಲೆ ಸಣ್ಣದೊಂದು ಸೆಸ್ ಹಾಕಿ, ಆ ಹಣದಲ್ಲಿ ಊರಿನ ಶಾಲೆಗಳಿಗೆ ಶಿಕ್ಷಕರನ್ನು ಇಟ್ಟುಕೊಳ್ಳುವ ಮಾತು ನಡೆದಿತ್ತು. ಅದಾದರೆ ಅಕ್ಕ ಗೇಟಿನ ಒಳಗೆ, ಆಗದಿದ್ದರೆ ಹೊರಗೆ.

“ಅಪ್ಪಂಗೆ ಹೇಳ್ಬೇಡ. ನೋಟೀಸು ಬಂದಾಗ ಅವರೇ ಓದ್ಕೊಳ್ಲಿ” ಎಂದಿದ್ದಳು ನನ್ನೊಬ್ಬನಿಗೆ.

ಕಾರಣವಿತ್ತು. ನಮ್ಮ ಅಪ್ಪ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ಜೀವನ ಸವೆಸಿ ನಿವೃತ್ತರಾದವರು. ನ್ಯೂ ಟೌನಿನ ಕ್ವಾರ್ಟರ್ಸ್ ಬಿಟ್ಟು ಜನ್ನಾಪುರದಲ್ಲಿ ಸ್ವಂತ ಮನೆ ಕಟ್ಟಿದ ದಿನದಿಂದ ಅವರ ಎರಡನೆಯ ಉದ್ಯೋಗ ಆಕ್ಷೇಪಣೆ ಬರೆಯುವುದು. ಬೀದಿದೀಪ ಎಡಕ್ಕೆ ಹಾಕಿದರೆ ಆಕ್ಷೇಪಣೆ, ಬಲಕ್ಕೆ ಹಾಕಿದರೆ ಆಕ್ಷೇಪಣೆ, ಬಸ್ ಸ್ಟಾಪು ಹತ್ತು ಹೆಜ್ಜೆ ಸರಿದರೆ ಆಕ್ಷೇಪಣೆ. ಅವುಗಳ ಫೈಲು ನನ್ನ ಮಾರ್ಕ್ಸ್ ಕಾರ್ಡುಗಳ ಫೈಲಿಗಿಂತ ದಪ್ಪಗಿದೆ, ಮರ್ಯಾದೆಯೂ ಹೆಚ್ಚಿದೆ. ಹೊಸ ತೆರಿಗೆ ಎಂಬ ಮಾತು ಕಿವಿಗೆ ಬಿದ್ದರೆ ಅವರು ಚಪ್ಪಲಿ ಹುಡುಕುವ ಮೊದಲು ಪೆನ್ನು ಹುಡುಕುವವರು.

ಆಗ ನನಗೆ ಗೊತ್ತಿದ್ದದ್ದು ಅಕ್ಕ ಹೇಳಿದ ‘ಸೆಸ್’. ಹಾಳೆಯಲ್ಲಿದ್ದದ್ದು ‘ಉಪಕರ’. ಎರಡೂ ಒಂದೇ ಎಂದು ಹೊಳೆಯಲಿಲ್ಲ. ಕನ್ನಡ ಟೀಚರ ತಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ತಿಳಿಯುತ್ತದೆ ಎಂದು ಅವಳೇ ಅಂದುಕೊಂಡಿದ್ದಳು. ಹಾಗೆ ಅಂದುಕೊಳ್ಳಲು ಅವಳ ಬಳಿ ಆಧಾರವೂ ಇತ್ತೆನ್ನಿ.

ಪ್ರಕಟಣೆ ಬೀದಿಗೆ ಬಿತ್ತು. ಏಪ್ರಿಲಿನಲ್ಲಿ ಕಂದಾಯ ಕಟ್ಟಿದರೆ ಹೇಗೂ ರಿಯಾಯಿತಿ ಇರುತ್ತದೆ. ಅದರ ಜೊತೆಗೆ ಈ ‘ಉಪಕಾರ’. ಜನ ಅದನ್ನು ತಮಗೆ ಬೇಕಾದ ಹಾಗೆ ಬಿಡಿಸಿಕೊಂಡರು. ನೂರು ರೂಪಾಯಿ ಕಂದಾಯ ಕಟ್ಟಿದವರಿಗೆ ಮಕ್ಕಳ ಓದಿಗೆಂದು ನಾಲ್ಕು ರೂಪಾಯಿ ವಾಪಸು! ವರ್ಷಗಟ್ಟಲೆ ಬಾಕಿ ಉಳಿಸಿಕೊಂಡವರೂ ಕೌಂಟರಿನ ಮುಂದೆ ಸಾಲು ನಿಂತರು. ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟುಕೊಂಡು ಜನ್ನಾಪುರದಲ್ಲಿ ಆರು ಮಳಿಗೆ ಬಾಡಿಗೆಗೆ ಬಿಟ್ಟಿರುವ ಸಾಹುಕಾರರೊಬ್ಬರಿದ್ದಾರೆ. ಅವರು ಕಾರಿನಿಂದಿಳಿದು ಬಾಕಿಯನ್ನೆಲ್ಲ ಚುಕ್ತಾ ಮಾಡಿ, ರಸೀದಿಯನ್ನು ಬೀಸಿಕೊಳ್ಳುತ್ತಾ, “ಉಪಕಾರದ ಫಾರಂ ಎಲ್ಲಿ ಕೊಡ್ತಾರಪ್ಪಾ?” ಎಂದು ವಿಚಾರಿಸಿದರಂತೆ.

ನಮ್ಮ ಬೀದಿಯ ಮೂಲೆಯಲ್ಲಿ ಇಡ್ಲಿ ಅಂಗಡಿ ನಡೆಸುವ ಅಮ್ಮ ತಮಿಳಿನವರು. ನನ್ನನ್ನು ನಿಲ್ಲಿಸಿ ಎರಡು ಇಡ್ಲಿ ಹೆಚ್ಚಿಗೆ ಹಾಕಿದರು.

“ತಂಬಿ, ನಿನ್ ಬಾಯಿ ಚಿನ್ನ ಕಣಪ್ಪ! ಕೇಳಿದ್ರೆ ಅಳು ಬರತ್ತೆ. ನನ್ ಮೊಮ್ಮಗಳು ಕಾನ್ವೆಂಟು. ಅದಕ್ಕೂ ಉಪಕಾರ ಸಿಗತ್ತಾ?”

“ಸಿಗಬಹುದಮ್ಮ” ಎಂದೆ. ಇಡ್ಲಿ ಬಾಯಲ್ಲಿದ್ದಾಗ ಇಲ್ಲವೆನ್ನುವ ಅಭ್ಯಾಸ ನನಗಿಲ್ಲ.

ಅಪ್ಪ ಮೊದಲನೆಯ ದಿನವೇ ಕಂದಾಯ ಕಟ್ಟಿ ಬಂದರು. ಜಗಲಿಯಲ್ಲಿ ಕೂತು ರಸೀದಿಯನ್ನು ನಾಲ್ಕಾಗಿ ಮಡಿಸುತ್ತಾ, “ನೋಡು, ಇಷ್ಟು ವರ್ಷದಲ್ಲಿ ಒಂದು ನೆಟ್ಟಗಿನ ಕೆಲಸ ಮಾಡಿದಾರೆ. ಅದೂ ನಿನ್ ಬಾಯಿಂದ ಕೇಳೋ ಹಾಗಾಯ್ತು” ಎಂದರು. ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಅದನ್ನು ಅವರ ದನಿಯಲ್ಲೇ ಬಚ್ಚಲಿನಲ್ಲಿ ನಾಲ್ಕು ಸಲ ಹೇಳಿಕೊಂಡೆ.

ಅಕ್ಕ ಇದೊಂದನ್ನೂ ಕೇಳಿರಲಿಲ್ಲ. ಗಾಡಿ ಬರುವ ಹೊತ್ತಿಗೆ ಅವಳು ಶಾಲೆಯಲ್ಲಿ ಪರೀಕ್ಷೆ ಮಾಡಿಸುತ್ತಿದ್ದಳು, ಭಾನುವಾರ ಗಾಡಿಗೂ ರಜೆ. ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಮೊದಲ ಬೆಳಿಗ್ಗೆ ಇಡ್ಲಿ ಅಂಗಡಿಯ ಅಮ್ಮ ಒಂದು ಬಿಳಿ ಹಾಳೆ ಹಿಡಿದು ನಮ್ಮ ಗೇಟು ತೆಗೆದರು.

“ಟೀಚರಮ್ಮ, ಒಂದು ಅರ್ಜಿ ಬರ್ಕೊಡಮ್ಮ. ಉಪಕಾರದ್ದು.”

“ಯಾವ ಉಪಕಾರ ಅಮ್ಮ?”

“ಅಯ್ಯೋ, ನಿನ್ ತಮ್ಮನೇ ದಿನಾ ಒದರ್ತಾನಲ್ಲ!”

ಆ ಹೊತ್ತಿಗೆ ಸರಿಯಾಗಿ ಗಾಡಿ ಬಂತು. ನನ್ನ ದನಿ ಬೀದಿಯ ಆ ತುದಿಯಿಂದ ಈ ತುದಿಗೆ ಹರಿಯಿತು. ಅಕ್ಕ ಕಸದ ಬುಟ್ಟಿ ಹಿಡಿದು ಗೇಟಿನಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಬುಟ್ಟಿ ಖಾಲಿ ಮಾಡಿದಳು. ಒಳಗೆ ಬಂದು, ಹಲ್ಲುಜ್ಜುತ್ತಿದ್ದ ನನ್ನ ಎದುರು ನಿಂತಳು.

“ಕಕ್ಕೆ ಇಳಿ ಯಾರೋ ಕೊಟ್ಟಿದ್ದು?”

“ಎಂತ ಇಳಿ?”

“ಉಪಕರ ಕಣೋ ಅದು! ಉಪಕರ. ತೆರಿಗೆ. ಸೆಸ್. ನಾನು ಹೇಳಿದ್ನಲ್ಲ ಮಾರಾಯ, ಅದು!”

ಬಾಯಿಯಲ್ಲಿದ್ದ ಪೇಸ್ಟು ನುಂಗಿ ಹೋಯಿತು. ಆಮೇಲೆ ನನ್ನ ತಲೆಯಲ್ಲಿ ಒಂದು ದೀಪ ಹತ್ತಿತು, ಅದು ಹತ್ತಬಾರದಿತ್ತು.

“ಅಕ್ಕಾ, ಕೇಳು. ಇಲ್ಲೀವರ್ಗೂ ಎಷ್ಟು ಆಕ್ಷೇಪಣೆ ಬಂದಿದೆ ಗೊತ್ತಾ? ಒಂದೂ ಇಲ್ಲ. ಅಪ್ಪ ಕೂಡ ಬರೆದಿಲ್ಲ! ಉಪಕಾರ ಬೇಡ ಅಂತ ಯಾರು ಬರೀತಾರೆ? ಇನ್ನು ಹದಿನೆಂಟು ದಿನ ಬಾಯಿ ಮುಚ್ಕೊಂಡ್ರೆ ಸಾಕು, ತಂತಾನೇ ಪಾಸಾಗತ್ತೆ. ಜೂನಿಗೆ ನೀನು ಒಳಗೆ.”

ಅವಳು ನನ್ನನ್ನೇ ನೋಡಿದಳು. ಯೋಚನೆ ಬರಲಿಲ್ಲ ಎಂದು ನಾನು ಹೇಳಲಾರೆ. ಬಂತು, ಮುಖದಲ್ಲಿ ಕಂಡಿತು. ಎಂಟು ವರ್ಷದ ಅತಿಥಿಗೆ ಬಾರದೆ ಇರುತ್ತದೆಯೇ. ಆಮೇಲೆ ಹೇಳಿದಳು:

“ನಾಲ್ಕನೇ ಕ್ಲಾಸಿನೋರು ಬರ್ದಿದ್ರೆ ಅರ್ಧ ಮಾರ್ಕು ಕಳೀತಿದ್ದೆ. ನೀನು ಅಂತ ಬಿಟ್ಟು, ಅದರ ಮೇಲೆ ಕೆಲಸ ತಗೊಂಡು, ನಾಳೆ ಆ ಮಕ್ಕಳ ಮುಂದೆ ಬೋರ್ಡಲ್ಲಿ ಕಾಗುಣಿತ ಬರೀಬೇಕಾ? ಕೈ ಬರಲ್ಲ ಮಾರಾಯ. ಬಾಯಿ ತೊಳ್ಕೊ, ಹೊರಡು.”

ಕಚೇರಿಯಲ್ಲಿ ವಿಷಯ ಹೇಳಿದ ಮೇಲೆ ಅಲ್ಲಿಯ ಅಧಿಕಾರಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಕೊನೆಗೆ, ಪ್ರಕಟಣೆ ಸರಿಮಾಡಿ ಮತ್ತೆ ಹಾಕಬೇಕು, ಮೂವತ್ತು ದಿನ ಹೊಸದಾಗಿ ಎಣಿಸಬೇಕು ಎಂದರು. ದುಡ್ಡು ಮಾತ್ರ ಎರಡನೆಯ ಸಲ ಕೊಡುವುದಿಲ್ಲವಂತೆ. ನಾನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಆ ಮಧ್ಯಾಹ್ನವೇ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದೆವು. ಮೊಟ್ಟೆ ಟ್ರೇಗಳ ನಡುವೆ ಅಕ್ಕ ಸ್ಟೂಲು ಹಾಕಿಕೊಂಡು ಕೂತಳು. ನಾನು ಎಷ್ಟು ಸಲ ಹೇಳಿದರೂ ‘ಕ’ದ ಹತ್ತಿರ ಬಂದ ಕೂಡಲೇ ನಾಲಿಗೆ ಅಭ್ಯಾಸಬಲದಿಂದ ಜಾರುತ್ತಿತ್ತು.

“ಎಳೀಬೇಡ. ಕರ. ಕತ್ತರಿಸಿ ಹೇಳು.”

“ಕತ್ತರಿಸಿದ್ರೆ ಚೆನ್ನಾಗಿ ಕೇಳ್ಸಲ್ಲ ಅಕ್ಕಾ.”

“ತೆರಿಗೆ ಚೆನ್ನಾಗಿ ಕೇಳ್ಸೋದು ಬೇಡ. ಸರಿಯಾಗಿ ಕೇಳ್ಸಲಿ.”

ಹದಿನಾಲ್ಕನೆಯ ಸಲಕ್ಕೆ ಒಪ್ಪಿದಳು. ಅಷ್ಟು ಸಾಲದೆಂದು ‘ಉಪಕರ, ಅಂದರೆ ಹೆಚ್ಚುವರಿ ತೆರಿಗೆ’ ಎಂದೂ ಸೇರಿಸಿದಳು. ಆಕ್ಷೇಪಣೆಯ ಸಾಲನ್ನು ನಿಧಾನವಾಗಿ ಎರಡು ಸಲ ಹೇಳಿಸಿದಳು. ತನ್ನ ಕೆಲಸ ಹೋಗುವುದನ್ನು ಇಷ್ಟು ಸ್ಪಷ್ಟ ಉಚ್ಚಾರಣೆಯಲ್ಲಿ ರೆಕಾರ್ಡು ಮಾಡಿಸಿದವರನ್ನು ನನ್ನ ಗೆಳೆಯನ ಸ್ಟುಡಿಯೋ ಹಿಂದೆ ಕಂಡಿರಲಿಲ್ಲ.

ಮಾರನೆಯ ದಿನದಿಂದ ಜನ್ನಾಪುರಕ್ಕೆ ನಾನು ಬೇರೆ ಮನುಷ್ಯ. ಗಾಡಿ ಹೋದ ಮೇಲೆ ಬಾಗಿಲುಗಳು ದಡದಡ ಬಡಿದುಕೊಳ್ಳುತ್ತಿದ್ದವು. ಇಡ್ಲಿ ಅಂಗಡಿಯಲ್ಲಿ ಚಟ್ನಿ ತೆಳುವಾಯಿತು.

“ಬಾಯಿ ಚಿನ್ನ ಅಂದೆ ಅಲ್ವಾ? ವಾಪಸ್ ತಗೊಂಡೆ” ಎಂದರು ಅಮ್ಮ. “ಆಗ ಉಪಕಾರ ಅಂದೆ, ಈಗ ತೆರಿಗೆ ಅಂತೀಯ. ನಿನ್ನನ್ನೇ ಹಸಿ ಕಸಕ್ಕೆ ಹಾಕ್ಬೇಕು.”

“ಒಣ ಕಸಕ್ಕೆ ಹಾಕಿ ಅಮ್ಮ, ಹಸೀದು ದಿನಾ ಗೊಬ್ಬರಕ್ಕೆ ಹೋಗತ್ತೆ” ಎಂದೆ. ಅವರು ನಗಲಿಲ್ಲ.

ಆಕ್ಷೇಪಣೆ ಬರೆಯಬೇಕೆಂದು ಎಲ್ಲರೂ ತೀರ್ಮಾನಿಸಿದರು. ಆದರೆ ಬರೆಯುವುದು ಎಂದರೆ ಹೇಗೆ? ನಮ್ಮ ಬೀದಿಯವರೆಲ್ಲ ಫೋನಿನಲ್ಲಿ ಪುಟಗಟ್ಟಲೆ ಬೈಯಬಲ್ಲರು, ಅದೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ. ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬಿಳಿ ಹಾಳೆಯ ಮೇಲೆ ಶುರು ಮಾಡಬೇಕೆಂದರೆ ಪೆನ್ನು ಮುಂದೆ ಹೋಗುವುದಿಲ್ಲ. ಹಾಗಾಗಿ ಎಲ್ಲರೂ ಬಂದದ್ದು, ಬೀದಿಗೆ ಏನೇ ಅರ್ಜಿ ಬೇಕಾದರೂ ಬರುವಲ್ಲಿಗೇ: ಅಕ್ಕನ ಹತ್ತಿರ. ರೇಷನ್ ಕಾರ್ಡಿಗೂ ಅವಳೇ, ಕರೆಂಟಿಗೂ ಅವಳೇ. ಈಗ ಅವಳಿಗೆ ಸಂಬಳ ಕೊಡುವ ತೆರಿಗೆ ಬೇಡವೆನ್ನಲಿಕ್ಕೂ ಅವಳೇ.

ಅವಳು ಬರೆದುಕೊಟ್ಟಳು. ಜಗಲಿಯ ಮೇಲೆ ಚಾಪೆ ಹಾಸಿ, ದುಂಡಗಿನ ಅಕ್ಷರದಲ್ಲಿ, ಒಬ್ಬೊಬ್ಬರನ್ನೂ ಕೇಳಿ, ಅವರವರ ಕಾರಣವನ್ನು ಅವರವರ ಹಾಳೆಗೆ. ಮಂಡಿ ಸಾಹುಕಾರರಂತೂ ಮಳಿಗೆಗೊಂದರಂತೆ ಆರು ಬರೆಸಿಕೊಂಡು ಹೋದರು.

ನಾನು ಪಕ್ಕದಲ್ಲಿ ಕೂತು ಕುದಿಯುತ್ತಿದ್ದೆ. “ಸ್ವಲ್ಪ ತಪ್ಪುತಪ್ಪಾಗಿ ಬರಿಯೇ ಮಾರಾಯ್ತಿ, ತಿರಸ್ಕಾರ ಆಗ್ಲಿ!”

“ತಪ್ಪು ಬರೆಯೋಕೆ ನಂಗೆ ಬರಲ್ಲ. ನಿಂಗೆ ಬರತ್ತೆ. ನೀನು ಬರ್ಕೊಡು, ಸಾಲು ಹಚ್ಚಿ ನಿಂತಿದಾರೆ.”

ಎಲ್ಲರದ್ದೂ ಮುಗಿದ ಮೇಲೆ ಅಪ್ಪ ಬಂದರು. ತಮ್ಮದನ್ನು ತಾವೇ ಬರೆದಿದ್ದರು. ಮೂರು ಪುಟ. ಅಪ್ಪನ ಆಕ್ಷೇಪಣೆಗಳಲ್ಲಿ ಕಾಗುಣಿತ ನೋಡುವುದು ಅಕ್ಕ ಹೈಸ್ಕೂಲಿನಲ್ಲಿದ್ದಾಗಿನಿಂದ ನಡೆದುಬಂದ ಪದ್ಧತಿ. ಅಪ್ಪ ಅದನ್ನು ಮುರಿಯಲಿಲ್ಲ. ಹಾಳೆಗಳನ್ನು ಅವಳ ಮುಂದೆ ಇಟ್ಟು, ಗೋಡೆಯ ಕಡೆ ನೋಡುತ್ತಾ, “ಒಂಚೂರು ನೋಡು” ಎಂದರು.

ನನಗೆ ತಡೆಯಲಾಗಲಿಲ್ಲ. “ಅಪ್ಪಾ, ಇದ್ರಿಂದ ಅಕ್ಕನ ಕೆಲಸ ಹೋಗತ್ತೆ. ಗೊತ್ತಾ ನಿಮ್ಗೆ?”

“ಗೊತ್ತು. ಹೆಡ್ ಮೇಡಂ ಹೇಳಿದ್ರು.”

“ಗೊತ್ತಿದ್ದೂ?”

“ಅದು ಮನೆ ವಿಷಯ. ಇದು ತತ್ವ. ಟೀಚರ್ ಇಡೋದು ಸರ್ಕಾರದ ಕೆಲಸ. ನಮ್ ಹತ್ರ ಯಾಕೆ ಕೇಳ್ಬೇಕು? ಇವತ್ತು ಟೀಚರು ಅಂತಾರೆ, ನಾಳೆ ಸೀಮೆಸುಣ್ಣ ಅಂತಾರೆ, ನಾಡಿದ್ದು ಗಂಟೆ ಹೊಡೆಯೋಕೆ ನೀವೇ ಬನ್ನಿ ಅಂತಾರೆ. ಮಗಳು ಅಂತ ನಾನು ಸುಮ್ನಿದ್ರೆ, ಊರಿನೋರಿಗೆ ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳಾಗಲ್ವಾ?”

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಅದೇ ಸಿಟ್ಟು. ಅಕ್ಕ ಪೆನ್ನು ತೆಗೆದು ಒಂದೊಂದೇ ಸಾಲು ತಿದ್ದುತ್ತಾ ಹೋದಳು. ‘ಹನ್ಯಾಯ’ವನ್ನು ಅನ್ಯಾಯ ಮಾಡಿದಳು. ಎರಡನೆಯ ಪುಟದ ಕೊನೆಗೆ ನಿಂತಳು.

“ಅಪ್ಪ, ನಿಮ್ ತತ್ವದಲ್ಲಿ ಒಂದು ತ ಕಡಿಮೆ ಇದೆ.”

“ಎಂತದು?”

“ತತ್ತ್ವ. ಎರಡು ತ, ಒಂದು ವ. ಸೇರಿಸಿದೀನಿ.”

ಅಪ್ಪ ಕನ್ನಡಕ ಹಾಕಿಕೊಂಡು ಆ ಅಕ್ಷರವನ್ನು ನೋಡಿದರು. ಕಾಗದ ಮಡಿಸಿ, ಎದ್ದು ಹೋದರು. ಆ ದಿನ ಮಧ್ಯಾಹ್ನ ಮೂವರೂ ಉಪ್ಪಿನಕಾಯಿ ಮಾತ್ರ ಕೇಳಿ ಊಟ ಮುಗಿಸಿದೆವು.

ಮೇ ತಿಂಗಳಲ್ಲಿ ವಿಚಾರಣೆ. ಕಚೇರಿಯ ಹಾಲಿನಲ್ಲಿ ಮೂರು ಫ್ಯಾನು, ತಿರುಗುತ್ತಿದ್ದದ್ದು ಒಂದು. ಅದರ ಕೆಳಗೆ ಮಂಡಿ ಸಾಹುಕಾರರು. ಅಕ್ಕ ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ ಪಕ್ಕ ಕೂತಿದ್ದಳು. ವಿಚಾರಣೆಗೆಂದೇ ಬಂದಿದ್ದ ಬೇರೊಬ್ಬ ಅಧಿಕಾರಿ ಆಕ್ಷೇಪಣೆಗಳ ಕಟ್ಟು ಬಿಚ್ಚಿ ಒಂದು ಹಾಳೆ ನೋಡಿದರು, ಎರಡನೆಯದು ನೋಡಿದರು, ಇಸ್ಪೀಟು ಎಲೆ ಹಾಕಿದ ಹಾಗೆ ಹತ್ತಾರು ಸರಸರ ತಿರುವಿದರು. ಕನ್ನಡಕ ತೆಗೆದರು.

“ಇದೆಲ್ಲಾ ಒಂದೇ ಕೈಬರಹ. ಯಾರ್ರೀ ಇದು? ಒಬ್ರೇ ಕೂತು ಊರಿನೋರ ಹೆಸರಲ್ಲೆಲ್ಲ ಬರ್ದಿದೀರಾ? ಹೀಗಿದ್ರೆ ನಾನು ಇದನ್ನ ತಗೊಳ್ಳೋಕಾಗಲ್ಲ.”

ಹಾಲಿನಲ್ಲಿ ಗದ್ದಲವಾಯಿತು. ಸುಳ್ಳಲ್ಲ, ನಮ್ಮದೇ, ಸಹಿ ನೋಡಿ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಆ ಗದ್ದಲದಲ್ಲಿ ಹಿಂದಿನ ಬೆಂಚಿನಿಂದ ಅಕ್ಕ ಎದ್ದು ನಿಂತಳು.

“ನಾನು ಬರೆದದ್ದು ಸಾರ್. ಆದ್ರೆ ಹೇಳಿದ್ದು ಅವರೇ. ಒಂದಕ್ಷರ ನಾನು ಸೇರಿಸಿಲ್ಲ. ದಯವಿಟ್ಟು ತಗೊಳ್ಳಿ.”

“ನೀವು ಯಾರಮ್ಮ? ವಕೀಲರಾ?”

“ಅಲ್ಲ ಸಾರ್. ಜನ್ನಾಪುರದ ಶಾಲೆ ಟೀಚರು.”

“ಟೀಚರಾಗಿ ನಿಮಗ್ಯಾಕಮ್ಮ ವಿರೋಧ? ಈ ಉಪಕರ ಬರ್ತಿರೋದೇ ನಿಮ್ಮಂಥೋರಿಗೆ!”

“ನಂಗೆ ವಿರೋಧ ಇಲ್ಲ ಸಾರ್. ಅವರಿಗಿದೆ. ಬರೆಯೋಕೆ ಒಬ್ರು ಬೇಕಿತ್ತು, ಬರ್ದೆ.”

ಇಡ್ಲಿ ಅಂಗಡಿಯ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಕೆಗೋ ನಾಚಿಕೆಗೋ ನಾನು ಹೇಳಲಾರೆ. ಇಲ್ಲಿ ಎಲ್ಲರೂ ಎದ್ದು, “ನಮ್ಮ ಆಕ್ಷೇಪಣೆ ವಾಪಸು!” ಎಂದು ಕೂಗಿದರೆಂದು ಬರೆಯಲು ನನಗೂ ಆಸೆಯಿದೆ. ಕೂಗಿದ್ದು ಮಂಡಿ ಸಾಹುಕಾರರು ಒಬ್ಬರೇ, ಅದೂ ಹೀಗೆ:

“ಅರ್ಜಿ ಬರ್ಕೊಟ್ರು ಅಂತ ಆರು ಮಳಿಗೆಗೆ ತೆರಿಗೆ ಕಟ್ಟೋಕಾಗತ್ತೇನ್ರೀ? ಬರೆದ ಕೂಲಿ ಬೇಕಾದ್ರೆ ಕೊಡೋಣ.”

“ಕೂಲಿ ನಾಲ್ಕು ರೂಪಾಯಿ ಸಾವ್ಕಾರ್ರೇ, ನೂರಕ್ಕೆ” ಎಂದೆ ನಾನು ಹಿಂದಿನಿಂದ, ಸಾಹುಕಾರರದ್ದೇ ದನಿಯಲ್ಲಿ. ಹಾಲಿನಲ್ಲಿದ್ದವರೆಲ್ಲ ನಕ್ಕರು. ಅಧಿಕಾರಿ ನನ್ನ ಕಡೆ ಬೆರಳು ತೋರಿಸಿ, ನೀನು ಹೊರಗೆ ಹೋಗು ಎಂದರು. ಮುಂದಿನದನ್ನು ಕಿಟಕಿಯಿಂದ ನೋಡಿದೆ.

ಕಟ್ಟಿನಲ್ಲಿ ಬೇರೆ ಕೈಬರಹದ್ದು ಒಂದೇ ಇತ್ತು. ಅಪ್ಪನನ್ನು ಕರೆದರು. ಅಪ್ಪ ಮೂರು ಪುಟವನ್ನೂ ಗಟ್ಟಿಯಾಗಿ, ಒಂದು ಸಾಲೂ ಬಿಡದೆ ಓದಿದರು. ತತ್ತ್ವದ ಹತ್ತಿರ ಸ್ವಲ್ಪ ನಿಂತರು, ಎರಡು ತಕಾರವನ್ನೂ ಉಚ್ಚರಿಸಿದರು, ಮುಂದೆ ಹೋದರು. ಓದಿ ಮುಗಿಸಿ, ಕೂರುವ ಮೊದಲು ಹಿಂದಿನ ಬೆಂಚಿನ ಕಡೆ ನೋಡಿದರು. ಅಕ್ಕ ತಲೆಯಾಡಿಸಿ, ತಪ್ಪಿಲ್ಲ ಎಂಬಂತೆ ಕಣ್ಣಲ್ಲೇ ಹೇಳಿದಳು.

ತೀರ್ಮಾನ ಮೇ ಕೊನೆಗೆ ಬಂತು. ಆಕ್ಷೇಪಣೆಗಳನ್ನು ಪರಿಗಣಿಸಿ, ಶಾಲೆಗಳ ಅಗತ್ಯವನ್ನೂ ಪರಿಗಣಿಸಿ, ನೂರಕ್ಕೆ ನಾಲ್ಕರ ಬದಲು ಎರಡು, ಒಂದು ವರ್ಷದ ಮಟ್ಟಿಗೆ. ಎರಡೂ ಕಡೆಯವರಿಗೆ ಅರ್ಧ ಸಮಾಧಾನ. ಅರ್ಧ ತೆರಿಗೆಗೆ ಬಂದದ್ದು ಅರ್ಧ ಟೀಚರು: ಅಕ್ಕ ಸೋಮವಾರ, ಮಂಗಳವಾರ, ಬುಧವಾರ ಮಾತ್ರ. ಅತಿಥಿಯಾಗಿದ್ದವಳು ಈಗ ನೆಂಟರಿಗಿಂತ ಕಡೆಯಾದಳು ಎಂದು ಛೇಡಿಸಿದೆ. “ಒಳಗಂತೂ ಹೋದೆ ಅಲ್ವಾ” ಎಂದಳು.

ಜೂನಿನ ಮೊದಲ ಗುರುವಾರ ಅವಳು ಮನೆಯಲ್ಲೇ ಇದ್ದಳು. ಅಪ್ಪ ಪೇಪರಿನಿಂದ ತಲೆಯೆತ್ತಿ, “ಯಾಕೆ, ಶಾಲೆ ಇಲ್ವಾ?” ಎಂದರು.

“ಶಾಲೆ ಇದೆ. ನಾನಿಲ್ಲ. ಇವತ್ತು ನೀವು ಆಕ್ಷೇಪಣೆ ಮಾಡಿದ ಅರ್ಧ, ಅಪ್ಪ.”

ಅವಳು ಕೋಪದಿಂದ ಹೇಳಲಿಲ್ಲ, ವಾರದ ಹೆಸರು ಹೇಳಿದ ಹಾಗೆ ಹೇಳಿದಳು. ಅಪ್ಪ ಪೇಪರಿನ ಅದೇ ಪುಟವನ್ನು ಮಧ್ಯಾಹ್ನದವರೆಗೆ ಓದಿದರು.

ಎರಡನೆಯ ವಾರ ಹೆಡ್ ಮೇಡಂ ತಾವೇ ಬಂದು ಹೋದರು. ಅಕ್ಕ ಬಾರದ ದಿನಗಳಲ್ಲಿ ಕೊನೆಯ ಎರಡು ಪಿರಿಯಡ್ಡಿಗೆ ನಾಲ್ಕನೇ ಕ್ಲಾಸಿಗೆ ಯಾರೂ ಇಲ್ಲ, ಮಕ್ಕಳು ಕಾಗುಣಿತ ಮರೆಯುತ್ತಿದ್ದಾರೆ, ಇಲ್ಲಿಗೆ, ನಿಮ್ಮ ಮನೆಗೆ ಕಳಿಸಲೇ ಎಂದು ಅಕ್ಕನನ್ನು ಕೇಳಿದರು. ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಕುರ್ಚಿಯನ್ನು ಎತ್ತಿಕೊಂಡು ಜಗಲಿಗೆ ಹೋದರು. ನಡುಮನೆ ಖಾಲಿಯಾಯಿತು. ಗುರುವಾರದಿಂದ ಶನಿವಾರ, ಹದಿನೆಂಟು ಮಕ್ಕಳು, ನಮ್ಮ ಟೀವಿಯ ಮುಂದೆ ಬೋರ್ಡು.

ಹೀಗಿರುವಾಗ ಒಂದು ಶುಕ್ರವಾರ ಮನೆಗಳ ಅಳತೆ ಪರಿಶೀಲಿಸುವ ಸರ್ವೆಯವನು ಟೇಪು ಹಿಡಿದು ಬಂದ. ಒಳಗಿಣುಕಿ ಹದಿನೆಂಟು ತಲೆ ಎಣಿಸಿದ.

“ಟ್ಯೂಷನ್ ನಡೆಸ್ತೀರಾ ಸಾರ್? ಹಾಗಾದ್ರೆ ವಾಣಿಜ್ಯ ಬಳಕೆ ಅಂತ ಬರ್ಕೊಬೇಕಾಗತ್ತೆ. ಕಂದಾಯ ಜಾಸ್ತಿ ಬೀಳತ್ತೆ.”

“ಒಂದು ಪೈಸೆ ಮುಟ್ಟಿಲ್ಲ ಕಣ್ರೀ!” ಅಪ್ಪ ಕುರ್ಚಿಯಿಂದ ಎದ್ದರು. “ಇದು ಟ್ಯೂಷನ್ ಅಲ್ಲ, ಶಾಲೆ.”

“ಯಾವ ಶಾಲೆ ಸಾರ್?”

“ಸರ್ಕಾರಿ ಶಾಲೆ!”

“ನಿಮ್ ಮನೇಲಿ?”

“ಹೌದು, ನಮ್ ಮನೇಲಿ!”

“ಹಾಗಂತ ಬರ್ದು ಸಹಿ ಮಾಡಿಕೊಡಿ. ನಾನು ಫೈಲಿಗೆ ಹಾಕ್ತೀನಿ, ಮೇಲಿನೋರು ನೋಡ್ಕೋತಾರೆ.”

ಅಪ್ಪ ನನ್ನ ಕಡೆ ನೋಡಿದರು. ನಾನು ಮುಖವನ್ನು ಆದಷ್ಟು ಗಂಭೀರವಾಗಿ ಇಟ್ಟುಕೊಂಡು ಪೆನ್ನು ಕೊಟ್ಟೆ. ಜಗಲಿಯ ಕಟ್ಟೆಯ ಮೇಲೆ ಹಾಳೆ ಇಟ್ಟು, ಬಗ್ಗಿ ಬರೆದರು. ಈ ಮನೆಯ ನಡುಮನೆಯಲ್ಲಿ ಗುರುವಾರ, ಶುಕ್ರವಾರ, ಶನಿವಾರ ಸರ್ಕಾರಿ ಶಾಲೆಯ ನಾಲ್ಕನೇ ತರಗತಿ ನಡೆಯುತ್ತಿದೆ. ಪಾಠ ಮಾಡುತ್ತಿರುವವರು ನನ್ನ ಮಗಳು. ಸಂಬಳ ಇರುವುದಿಲ್ಲ. ಇದು ಊರಿನ ತಪ್ಪು. ಆ ಸಾಲು ಬರೆದು ಬಹಳ ಹೊತ್ತು ನೋಡಿದರು. ‘ಊರಿನ’ ಎಂಬುದನ್ನು ಹೊಡೆದು ಹಾಕಿ, ಮೇಲೆ ‘ನಮ್ಮ’ ಎಂದು ಬರೆದರು.

“ತಿದ್ದಿದ ಕಡೆ ಪಕ್ಕದಲ್ಲಿ ಒಂದು ಸಹಿ ಹಾಕಿ ಸಾರ್” ಎಂದ ಸರ್ವೆಯವನು. “ಇಲ್ದಿದ್ರೆ ನಡೆಯಲ್ಲ.”

“ಯಾಕ್ರೀ ನಡೆಯಲ್ಲ? ಯಾವ ನಿಯಮದಲ್ಲಿದೆ?” ಅಪ್ಪನ ದನಿ ಏರಿತು. ಸರ್ವೆಯವನದ್ದೂ ಏರಿತು. ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ನನ್ನದು ಎಲ್ಲಕ್ಕಿಂತ ಮೇಲೇರಿತು.

ಒಳಗಿನಿಂದ ಬೋರ್ಡಿಗೆ ಡಸ್ಟರ್ ಬಡಿದ ಸದ್ದಾಯಿತು.

“ಹೊರಗೆ ಯಾರದು ಗಲಾಟೆ? ಪಾಠ ನಡೀತಿದೆ!”

ಸರ್ವೆಯವನು ಟೇಪು ಸುತ್ತಿಕೊಂಡ. ಅಪ್ಪ ಸದ್ದಾಗದ ಹಾಗೆ ಬಗ್ಗಿ, ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.